ನುರಿತ ಕೈಗೆ ಎರಡನೆಯ ಪಾಠ



ಸಂಗೀತದಲ್ಲಿ ಒಂದು ಬಗೆಯ ಕಷ್ಟವಿದೆ. ಏನೂ ಕಲಿಯದವರಿಗೆ ಅದು ಎದುರಾಗುವುದಿಲ್ಲ, ಚೆನ್ನಾಗಿ ಕಲಿತವರಿಗೇ ಎದುರಾಗುತ್ತದೆ. ವರ್ಷಗಟ್ಟಲೆ ಸಾಂಪ್ರದಾಯಿಕ ಜಾಝ್ ಅಭ್ಯಾಸ ಮಾಡಿದ ಸ್ಯಾಕ್ಸೋಫೋನ್ ವಾದಕರು ಒಂದು ದಿನ ಸ್ಮೂತ್ ಜಾಝ್ ನುಡಿಸಲು ಕೂರುತ್ತಾರೆ. ಹಾಡು ನಿಧಾನದ್ದು. ಸ್ವರಗಳು ಕಡಿಮೆ. ಕೇಳುವಾಗ ಸುಲಭ ಅನ್ನಿಸುತ್ತದೆ. ನುಡಿಸಿದರೆ ಸ್ವರ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ, ಆದರೂ ಹಾಡು ಹಾಡಾಗುವುದಿಲ್ಲ. ಯಾಕೆ ಹೀಗೆ? ಅದಕ್ಕೆ ದಾರಿ ಏನು? ಆ ದಾರಿಯಲ್ಲಿ ನಮ್ಮವರು ಯಾರು ನಡೆದಿದ್ದಾರೆ? ಇವತ್ತಿನ ನನ್ನ ಮಾತು ಇಷ್ಟರ ಸುತ್ತಲೇ ಇರುತ್ತದೆ.

ಮೊದಲು ವಾದ್ಯದ ಪರಿಚಯ. ಸ್ಯಾಕ್ಸೋಫೋನನ್ನು ಹತ್ತಿರದಿಂದ ನೋಡದವರು ನಿಮ್ಮಲ್ಲಿ ಇರಬಹುದು. ಅದು ಹಿತ್ತಾಳೆಯ ಕೊಳವೆ. ಬಾಯಿಗಿಡುವ ತುದಿ ಸಣ್ಣದು. ಕೆಳಗಿಳಿಯುತ್ತ ಕೊಳವೆ ಅಗಲವಾಗುತ್ತದೆ. ತಳದಲ್ಲಿ ಬಾಗಿ, ಮತ್ತೆ ಮೇಲೆದ್ದು, ಅಗಲವಾಗಿ ಬಾಯಿ ತೆರೆಯುತ್ತದೆ. ಮೈತುಂಬ ಇಪ್ಪತ್ತಕ್ಕೂ ಹೆಚ್ಚು ರಂಧ್ರಗಳು. ಒಂದೊಂದು ರಂಧ್ರಕ್ಕೂ ಒಂದು ಮುಚ್ಚಳ. ಮುಚ್ಚಳದ ಒಳಮೈಗೆ ತೆಳು ಚರ್ಮದ ಪ್ಯಾಡ್. ಬೆರಳು ಒತ್ತುವುದು ಕೀಲಿಯನ್ನು, ಮುಚ್ಚಿ ತೆರೆಯುವ ಕೆಲಸ ಈ ಮುಚ್ಚಳಗಳದು. ಬಾಯಿಯ ತುದಿಯಲ್ಲಿ ಜೊಂಡಿನಿಂದ ಮಾಡಿದ ಒಂದು ರೀಡ್ ಇರುತ್ತದೆ. ಉಸಿರಿಗೆ ಅದು ಅದುರಿದಾಗ ನಾದ ಹುಟ್ಟುತ್ತದೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಇದನ್ನು ರೂಪಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ಆರಂಭದಲ್ಲಿ ಇದಕ್ಕೆ ಮನೆಯಾದದ್ದು ಸೇನೆಯ ಬ್ಯಾಂಡು.

ಸೇನೆಯ ಬ್ಯಾಂಡು ಎಂದಾಗ ನಮ್ಮೂರಿನ ಮಾತು ಬರುತ್ತದೆ. ನಾನಿರುವುದು ಚೆನ್ನೈನ ಪಲ್ಲಾವರಂನಲ್ಲಿ. ಪರಂಗಿಮಲೈಗೂ ತಾಂಬರಂಗೂ ನಡುವೆ ಬರುವ ಊರು. ಮಗ್ಗುಲಲ್ಲೇ ಮೀನಂಬಾಕ್ಕಂ ವಿಮಾನ ನಿಲ್ದಾಣ. ಬೆಂಗಳೂರಿನವರು ದಂಡು ಅನ್ನುತ್ತಾರಲ್ಲ, ಬ್ರಿಟಿಷರ ಕಾಲದಲ್ಲಿ ಪಲ್ಲಾವರಂ ಅಂಥದೇ ಒಂದು ದಂಡು. ಪರಂಗಿಮಲೈ ಮತ್ತು ಪಲ್ಲಾವರಂ ಎರಡನ್ನೂ ಸೇರಿಸಿದ ದಂಡು ಮಂಡಳಿ ಇವತ್ತಿಗೂ ಇದೆ. ದಂಡು ಇದ್ದಲ್ಲಿ ಬ್ಯಾಂಡು, ಬ್ಯಾಂಡು ಇದ್ದಲ್ಲಿ ಪಾಶ್ಚಾತ್ಯ ಗಾಳಿವಾದ್ಯಗಳು. ದಕ್ಷಿಣ ಭಾರತದವರ ಕಿವಿಗೆ ಈ ವಾದ್ಯಗಳ ನಾದ ಮೊದಲು ಬಿದ್ದದ್ದು ಇಂಥ ದಂಡುಗಳಿಂದ, ಅರಮನೆಗಳಿಂದ. ಇನ್ನೊಂದು ಸಂಗತಿ. ಪಲ್ಲಾವರಂ ಮತ್ತು ಪಕ್ಕದ ಕ್ರೋಮ್‌ಪೇಟೆ ಚರ್ಮ ಹದ ಮಾಡುವ ಕೆಲಸಕ್ಕೆ ಹೆಸರಾದ ಜಾಗಗಳು. ಈ ವಾದ್ಯದ ಜೀವ ಆ ಚರ್ಮದ ಪ್ಯಾಡಿನಲ್ಲೇ ಇದೆ. ಅದರ ವಿಷಯ ಮುಂದೆ ಬರುತ್ತದೆ.

ವಾದ್ಯ ಗೊತ್ತಾಯಿತು, ಊರು ಗೊತ್ತಾಯಿತು. ಈಗ ಎರಡು ಸಂಗೀತಗಳನ್ನು ಬೇರೆ ಬೇರೆಯಾಗಿ ಕೇಳೋಣ.

ಸಾಂಪ್ರದಾಯಿಕ ಜಾಝ್ ಕಲಿಯುವವರು ಏನು ಮಾಡುತ್ತಾರೆ? ಹನ್ನೆರಡು ಶ್ರುತಿಗಳಲ್ಲೂ ಸ್ವರಸಾಧನೆ ಮಾಡುತ್ತಾರೆ. ಕಾರ್ಡ್ ಎಂಬ ಸ್ವರಗುಚ್ಛಗಳು ಒಂದರಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತವೆ ಎಂಬುದನ್ನು ಬೆರಳಿಗೆ ಇಳಿಸಿಕೊಳ್ಳುತ್ತಾರೆ. ಚಾರ್ಲಿ ಪಾರ್ಕರ್ ಅವರಂಥ ಹಿರಿಯರ ವಾದನವನ್ನು ಧ್ವನಿಮುದ್ರಿಕೆಯಿಂದ ಕೇಳಿ ಕೇಳಿ, ಸ್ವರ ಬಿಡದಂತೆ ಬರೆದುಕೊಂಡು, ಹಾಗೆಯೇ ನುಡಿಸಿ ಕಲಿಯುತ್ತಾರೆ. ಪಾರ್ಕರ್ 1945ರಲ್ಲಿ ಮುದ್ರಿಸಿದ ‘ಕೋ ಕೋ’ ಎಂಬ ಕೃತಿಯ ವೇಗ ನಿಮಿಷಕ್ಕೆ ಸುಮಾರು 300 ಬೀಟು. ಜಾನ್ ಕೋಲ್ಟ್ರೇನ್ 1959ರಲ್ಲಿ ಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಕೃತಿಯಲ್ಲಿ ಹೆಚ್ಚುಕಡಿಮೆ ಎರಡೆರಡು ಬೀಟಿಗೆ ಕಾರ್ಡ್ ಬದಲಾಗುತ್ತದೆ. ನಮ್ಮ ಸಂಗೀತದಲ್ಲಿ ಮನೋಧರ್ಮ ಅನ್ನುತ್ತೇವಲ್ಲ, ಅದನ್ನು ಆ ವೇಗದಲ್ಲಿ, ಆ ಬದಲಾವಣೆಗಳ ನಡುವೆ ಹರಿಸಬೇಕು. ಇದು ದೊಡ್ಡ ವಿದ್ಯೆ. ಇದರ ಮುಂದೆ ನಾನು ಯಾವತ್ತೂ ತಲೆಬಾಗುತ್ತೇನೆ.

ಸ್ಮೂತ್ ಜಾಝ್ ಹುಟ್ಟಿದ್ದು ಈ ವಿದ್ಯೆ ಬಲ್ಲವರ ಕೈಯಿಂದಲೇ. ಅದನ್ನು ನಾವು ಮರೆಯುತ್ತೇವೆ. ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಅಪ್ಪಟ ಜಾಝ್ ಕಲಾವಿದರು. ಅವರು 1967ರಲ್ಲಿ ನಿರ್ಮಾಪಕ ಕ್ರೀಡ್ ಟೇಲರ್ ಜೊತೆ ಸೇರಿ, ಜನ ಹಾಡುತ್ತಿದ್ದ ಹಾಡುಗಳನ್ನು ತಂತಿವಾದ್ಯಗಳ ಹಿನ್ನೆಲೆಯಲ್ಲಿ ಮೆದುವಾಗಿ ನುಡಿಸಿದರು. ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ ಬಂದದ್ದು 1976ರಲ್ಲಿ. ಸ್ಯಾಕ್ಸೋಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಅವರ ‘ಮಿಸ್ಟರ್ ಮ್ಯಾಜಿಕ್’ 1975ರದು, ‘ವೈನ್‌ಲೈಟ್’ 1980ರದು. ಗ್ರೋವರ್ ಕೂಡ ಹಿಂದೆ ಅಮೆರಿಕದ ಸೇನೆಯ ಬ್ಯಾಂಡಿನಲ್ಲಿ ನುಡಿಸಿದವರು. ಆಮೇಲೆ ಸ್ಯಾಕ್ಸೋಫೋನ್ ವಾದಕ ಕೆನ್ನಿ ಜಿ ಬಂದರು. 1986ರ ‘ಸಾಂಗ್‌ಬರ್ಡ್’ ಅವರನ್ನು ಮನೆಮನೆಗೆ ಮುಟ್ಟಿಸಿತು. ಈ ಸಂಗೀತವನ್ನು ಸಾಕಿದ್ದು ರೇಡಿಯೋ ಎಂಬುದನ್ನು ರೇಡಿಯೋದಲ್ಲಿ ಹೇಳುವುದು ನನಗೆ ಸಂತೋಷ. ಲಾಸ್ ಏಂಜಲೀಸ್ ನಗರದಲ್ಲಿ 1987ರಲ್ಲಿ ‘ದಿ ವೇವ್’ ಎಂಬ ನಿಲಯ ದಿನವಿಡೀ ಇಂಥ ಸಂಗೀತವನ್ನೇ ಬಿತ್ತರಿಸತೊಡಗಿತು. ಬೇರೆ ನಗರಗಳು ಹಿಂಬಾಲಿಸಿದವು. ಕೆಲಸದ ನಡುವೆ, ಕಾರು ಓಡಿಸುತ್ತ, ಅಡುಗೆ ಮಾಡುತ್ತ ಜನ ಕೇಳಿದರು.

ಹಾಗಾದರೆ ಎರಡಕ್ಕೂ ವ್ಯತ್ಯಾಸ ಎಲ್ಲಿದೆ? ಮೊದಲನೆಯದು ನಡೆಯಲ್ಲಿ. ಇದನ್ನು ನಮ್ಮ ಲಯದ ಮಾತಿನಲ್ಲೇ ಹೇಳಬಹುದು. ಸಾಂಪ್ರದಾಯಿಕ ಜಾಝ್‌ನ ಒಡಲಲ್ಲಿರುವುದು ಸ್ವಿಂಗ್. ಒಂದು ಬೀಟನ್ನು ಎರಡು ಸ್ವರ ಹಂಚಿಕೊಳ್ಳುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತಿಶ್ರ ನಡೆಯಲ್ಲಿ ‘ತಕಿಟ’ ಅನ್ನುವಾಗ ಮೊದಲ ಎರಡು ಅಕ್ಷರವನ್ನು ಕೂಡಿಸಿ ‘ತಾ ಟ, ತಾ ಟ, ತಾ ಟ’ ಎಂದು ಹೇಳಿ ನೋಡಿ. ಹೆಚ್ಚುಕಡಿಮೆ ಅದೇ ತೂಗು. ಸ್ಮೂತ್ ಜಾಝ್ ಬಹುಪಾಲು ಚತುರಶ್ರ. ‘ತಕಧಿಮಿ, ತಕಧಿಮಿ’, ನಾಲ್ಕಕ್ಷರವೂ ಸಮ. ವೇಗ ನಿಮಿಷಕ್ಕೆ 80ರಿಂದ 110 ಬೀಟಿನೊಳಗೆ. ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ ಡ್ರಮ್ಮಿನ ಗಟ್ಟಿ ಹೊಡೆತ. ವರ್ಷಗಟ್ಟಲೆ ತಿಶ್ರದ ತೂಗಿನಲ್ಲಿ ಬೆಳೆದ ಬೆರಳು ಈ ಸಮ ಹೆಜ್ಜೆಗೆ ಬಂದಾಗ ತಾನಾಗಿ ಓರೆಯಾಗುತ್ತದೆ. ಕೇಳುವವರಿಗೆ ಕಾರಣ ತಿಳಿಯದಿದ್ದರೂ ಏನೋ ಕೂಡಿಬರಲಿಲ್ಲ ಅನ್ನಿಸುತ್ತದೆ. ಇದಕ್ಕೆ ನಾನು ಹೇಳುವ ಅಭ್ಯಾಸ ಸರಳವಾದದ್ದು. ವಾದ್ಯ ಕೆಳಗಿಡಿ. ತಾಳ ಹಾಕಿ. ಹಾಡಿನ ಸಾಲನ್ನು ಬಾಯಲ್ಲಿ ತಕಧಿಮಿಯ ಮೇಲೆ ಹೇಳಿ. ಯಾವ ಸ್ವರ ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದು ಬಾಯಿಗೆ ಬಂದ ಮೇಲೆಯೇ ವಾದ್ಯ ಎತ್ತಿಕೊಳ್ಳಿ.

ಅದಾದ ಮೇಲೆ ಇನ್ನೂ ಒಂದು ಸೂಕ್ಷ್ಮವಿದೆ. ಬೀಟಿನ ಮೇಲೆ ಸರಿಯಾಗಿ ನುಡಿಸಲು ಕಲಿತವರು, ಈಗ ಅದರ ಬೆನ್ನಿಗೆ, ಕೂದಲೆಳೆಯಷ್ಟು ತಡವಾಗಿ ನುಡಿಸಲು ಕಲಿಯಬೇಕು. ಹೆಚ್ಚು ತಡವಾದರೆ ತಾಳ ತಪ್ಪಿದಂತೆ. ತಡವೇ ಆಗದಿದ್ದರೆ ಯಂತ್ರದಂತೆ. ಆ ನಡುವಿನ ಜಾಗ ಕಿವಿಯಿಂದ ಮಾತ್ರ ಸಿಗುತ್ತದೆ. ಪುಸ್ತಕದಲ್ಲಿ ಬರೆದು ತೋರಿಸಲು ಬರುವುದಿಲ್ಲ.

ನಡೆಯ ವಿಷಯ ಕೇಳಿದಿರಿ. ತಿಶ್ರದ ತೂಗು ಬಿಟ್ಟು ಚತುರಶ್ರಕ್ಕೆ ಬರುವುದು ಮೊದಲ ಹೆಜ್ಜೆ. ಎರಡನೆಯದು ಸ್ವರಗಳ ಸಂಖ್ಯೆ. ನನ್ನ ಮನಸ್ಸಿನಲ್ಲಿ ಇದೇ ಮುಖ್ಯವಾದದ್ದು.

ಜಾಝ್ ಕಲಿತವರಿಗೆ ಖಾಲಿ ಜಾಗ ಕಂಡರೆ ತುಂಬಬೇಕು ಅನ್ನಿಸುತ್ತದೆ. ಅದು ಅವರ ತಪ್ಪಲ್ಲ, ತರಬೇತಿಯೇ ಹಾಗಿದೆ. ಕಾರ್ಡ್ ಬದಲಾಗುತ್ತಲೇ ಇರುವಾಗ, ಪ್ರತಿ ಬದಲಾವಣೆಗೂ ಬೆರಳು ಉತ್ತರ ಕೊಡಬೇಕು. ಸ್ಮೂತ್ ಜಾಝ್‌ನಲ್ಲಿ ಎಷ್ಟೋ ಸಲ ಎರಡೇ ಕಾರ್ಡ್‌ಗಳು ಸುತ್ತಿ ಸುತ್ತಿ ಬರುತ್ತವೆ. ಉತ್ತರ ಕೊಡಲು ಪ್ರಶ್ನೆಯೇ ಇರುವುದಿಲ್ಲ. ಆಗ ವಾದಕರ ಮುಂದೆ ಉಳಿಯುವುದು ಒಂದು ಮೇಳ ಮಾತ್ರ. ಜಾಝ್‌ನವರು ಡೋರಿಯನ್ ಎಂದು ಕರೆಯುವ ಸ್ವರಶ್ರೇಣಿ ಈ ಬಗೆಯ ಹಾಡುಗಳಲ್ಲಿ ಬಹಳ ಬಳಕೆಯಲ್ಲಿದೆ. ಅದರ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವು. ಐದೇ ಸ್ವರಗಳ ಇನ್ನೊಂದು ಶ್ರೇಣಿಯೂ ಪದೇ ಪದೇ ಬರುತ್ತದೆ. ಅದರ ಸ್ವರಗಳು ಮೋಹನದವು. ಸ್ವರಸ್ಥಾನ ಒಂದೇ ಆದ ಮಾತ್ರಕ್ಕೆ ರಾಗವಾಗುವುದಿಲ್ಲ, ಅದು ನಿಮಗೂ ಗೊತ್ತು. ಆದರೆ ಐದು ಸ್ವರಗಳಲ್ಲಿ ಅರ್ಧ ಗಂಟೆ ಕಳೆಯುವುದು ಹೇಗೆ ಎಂಬ ತಿಳಿವಳಿಕೆ ನಮ್ಮ ಸಂಗೀತ ಕೇಳಿ ಬೆಳೆದವರಲ್ಲಿ ಆಗಲೇ ಇದೆ. ವಿಳಂಬ ಕಾಲದ ಆಲಾಪನೆ ಕೇಳಿದವರಿಗೆ ಒಂದು ಗಾಂಧಾರದ ಮೇಲೆ ನಿಲ್ಲುವುದು ಎಂದರೇನು ಎಂದು ವಿವರಿಸಬೇಕಾಗಿಲ್ಲ.

ನಾನು ಕೊಡುವ ಅಭ್ಯಾಸ ಇದು. ಮೋಹನದ ಐದು ಸ್ವರ ಇಟ್ಟುಕೊಳ್ಳಿ. ಎರಡು ಆವರ್ತ ನುಡಿಸಿ, ಎರಡು ಆವರ್ತ ಸುಮ್ಮನಿರಿ. ಮತ್ತೆ ಎರಡು ನುಡಿಸಿ, ಮತ್ತೆ ಎರಡು ಸುಮ್ಮನಿರಿ. ಸುಮ್ಮನಿರುವಾಗ ಹಿನ್ನೆಲೆಯ ವಾದ್ಯಗಳನ್ನು ಕೇಳಿಸಿಕೊಳ್ಳಿ. ಮೊದಲ ವಾರ ಆ ಎರಡು ಆವರ್ತ ಬಹಳ ಉದ್ದ ಅನ್ನಿಸುತ್ತದೆ. ಕಲಿತಷ್ಟೂ ಉದ್ದ ಅನ್ನಿಸುತ್ತದೆ. ಬೆರಳು ತಾನಾಗಿ ಏಳುತ್ತದೆ. ಅದನ್ನು ತಡೆಯುವುದೇ ಸಾಧನೆ. ಅಲ್ಲಿಂದ ಮುಂದೆ, ನೀವು ನುಡಿಸಿದ ಒಂದು ಸಾಲು ಚೆನ್ನಾಗಿ ಬಂದರೆ ಅದನ್ನೇ ಇನ್ನೊಮ್ಮೆ ನುಡಿಸಿ. ಸಾಂಪ್ರದಾಯಿಕ ಜಾಝ್ ಕಲಿಯುವವರು ಹೇಳಿದ್ದನ್ನೇ ಹೇಳಲು ಸಂಕೋಚಪಡುತ್ತಾರೆ. ಇಲ್ಲಿ ಕೇಳುಗರು ಸಾಲು ಮರಳಿ ಬರುವುದನ್ನೇ ಕಾಯುತ್ತಾರೆ. ಪಲ್ಲವಿ ಮರಳಿ ಬಂದಾಗ ನಮ್ಮ ಸಭೆಗಳಲ್ಲಿ ತಲೆಗಳು ತೂಗುವುದು ಅದೇ ಕಾರಣಕ್ಕೆ ಅಲ್ಲವೇ?

ಹಾಗೆಂದು ಹಿಂದೆ ಕಲಿತದ್ದು ವ್ಯರ್ಥವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಹತ್ತು ಸ್ವರ ಬಲ್ಲವರೇ ಅದರಲ್ಲಿ ಸರಿಯಾದ ಒಂದನ್ನು ಆರಿಸಬಲ್ಲರು. ಎರಡು ಕಾರ್ಡ್‌ಗಳು ಸುತ್ತುತ್ತಿರುವಾಗ ಯಾವ ಸ್ವರದ ಮೇಲೆ ನಿಂತರೆ ಕೆಳಗಿನ ಕಾರ್ಡ್ ಬದಲಾದರೂ ಆ ಸ್ವರ ಹೊಸ ಬಣ್ಣ ತಾಳುತ್ತದೆ ಎಂಬುದು ಕಾರ್ಡ್‌ಗಳನ್ನು ಅರೆದು ಕುಡಿದವರಿಗೆ ಮಾತ್ರ ಹೊಳೆಯುತ್ತದೆ.

ಇಲ್ಲಿಯವರೆಗೆ ನಡೆ, ಆಮೇಲೆ ಸ್ವರಗಳ ಮಿತಿ. ಇನ್ನು ನಾದ.

ವೇಗವಾಗಿ ನುಡಿಸುವಾಗ ಒಂದೊಂದು ಸ್ವರದ ಆಯಸ್ಸು ಕಡಿಮೆ. ಅದರ ಹುಟ್ಟು, ಬೆಳವಣಿಗೆ, ಮುಕ್ತಾಯ ಯಾರ ಗಮನಕ್ಕೂ ಬರುವುದಿಲ್ಲ. ನಿಧಾನದ ಹಾಡಿನಲ್ಲಿ ಸ್ವರ ಬೆತ್ತಲೆ. ಅದು ಹೇಗೆ ಶುರುವಾಯಿತು ಎಂಬುದು ಕೇಳಿಸುತ್ತದೆ. ಹೇಗೆ ಮುಗಿಯಿತು ಎಂಬುದೂ ಕೇಳಿಸುತ್ತದೆ. ಸ್ಮೂತ್ ಜಾಝ್ ವಾದಕರು ಸ್ವರವನ್ನು ಕೊಂಚ ಕೆಳಗಿನಿಂದ ತುಟಿಯ ಬಲದಿಂದ ಎತ್ತಿ ತರುತ್ತಾರೆ. ಕಂಪನವನ್ನು ಸ್ವರದ ಆರಂಭಕ್ಕೆ ಕೊಡುವುದಿಲ್ಲ. ಸ್ವರ ಸ್ವಲ್ಪ ಹೊತ್ತು ನೇರವಾಗಿ ನಿಂತ ಮೇಲೆ ಮೆಲ್ಲಗೆ ಕೊಡುತ್ತಾರೆ. ಸಾಲಿನ ಕೊನೆಯ ಸ್ವರವನ್ನು ಕತ್ತರಿಸದೆ ಜಾರಿಸಿ ಬಿಡುತ್ತಾರೆ. ಇವೆಲ್ಲ ಅವರ ಗಮಕಗಳು. ಇದನ್ನು ಕಲಿಯಲು ಒಂದು ಸಾಲನ್ನು ಹತ್ತಾರು ಸಲ ಕೇಳಬೇಕು. ಯಾವ ಸ್ವರ ಎಂದು ಕೇಳಿದರೆ ಸಾಲದು. ಕಂಪನ ಎಲ್ಲಿ ಶುರುವಾಯಿತು, ಉಸಿರು ಎಲ್ಲಿ ತೆಗೆದರು ಎಂದು ಕೇಳಬೇಕು.

ಉಪಕರಣದಲ್ಲೂ ವ್ಯತ್ಯಾಸವಿದೆ. ಸಾಂಪ್ರದಾಯಿಕ ಜಾಝ್‌ನಲ್ಲಿ ಆಲ್ಟೊ ಎಂಬ ಬಗೆಯ ಸ್ಯಾಕ್ಸೋಫೋನ್ ನುಡಿಸುವವರು ಬಾಯಿಗಿಡುವ ತುದಿಗೆ ಬಹುಮಟ್ಟಿಗೆ ಗಟ್ಟಿ ರಬ್ಬರಿನ ಮೌತ್‌ಪೀಸ್ ಬಳಸುತ್ತಾರೆ. ಅದರ ನಾದ ದುಂಡಗೆ, ಸ್ವಲ್ಪ ಮಬ್ಬಾಗಿ ಇರುತ್ತದೆ. ಗಿಟಾರು, ಕೀಬೋರ್ಡು, ಡ್ರಮ್ಮುಗಳ ನಡುವಿನಿಂದ ಮೇಲೆದ್ದು ಕೇಳಿಸಬೇಕಾದ ಡೇವಿಡ್ ಸ್ಯಾನ್‌ಬೋರ್ನ್ ಅವರಂಥ ವಾದಕರು ಲೋಹದ ಮೌತ್‌ಪೀಸ್ ಹಿಡಿದರು. ಅದು ಹರಿತ. ಆದರೆ ಮೌತ್‌ಪೀಸ್ ಬದಲಿಸಿದರೆ ಸಂಗೀತ ಬದಲಾಗುತ್ತದೆ ಎಂದು ಹೊಸಬರು ನಂಬಬಾರದು. ಮೊದಲು ಆಗಬೇಕಾದದ್ದು ಉಸಿರಿನ ಸಾಧನೆ. ಶ್ರುತಿಪೆಟ್ಟಿಗೆ ಹಾಕಿಕೊಂಡು ಒಂದೇ ಸ್ವರವನ್ನು ಸಣ್ಣದಾಗಿ ಆರಂಭಿಸಿ, ದೊಡ್ಡದು ಮಾಡಿ, ಮತ್ತೆ ಸಣ್ಣದು ಮಾಡಿ ನಿಲ್ಲಿಸುವುದು. ದಿನಕ್ಕೆ ಇಪ್ಪತ್ತು ನಿಮಿಷ ಇದಕ್ಕೆ ಕೊಟ್ಟರೆ ಉಳಿದದ್ದು ಹಿಂದೆ ಬರುತ್ತದೆ. ನಾಗಸ್ವರದ ಜೊತೆಗೆ ಒತ್ತು ಹಿಡಿಯುವವರನ್ನು ನೆನಪಿಸಿಕೊಳ್ಳಿ. ಕೆನ್ನೆಯಲ್ಲಿ ಗಾಳಿ ಹಿಡಿದು, ಮೂಗಿನಿಂದ ಉಸಿರೆಳೆದು, ನಾದ ಕಡಿಯದಂತೆ ನಡೆಸುವ ವಿದ್ಯೆ ಅವರದು. ಅದೇ ಬಗೆಯ ಉಸಿರಿನಿಂದ ಕೆನ್ನಿ ಜಿ 1997ರಲ್ಲಿ ಒಂದೇ ಸ್ವರವನ್ನು 45 ನಿಮಿಷಕ್ಕೂ ಹೆಚ್ಚು ಹೊತ್ತು ನುಡಿಸಿ ದಾಖಲೆ ಮಾಡಿದರು. ದಾಖಲೆ ದೊಡ್ಡದಾಯಿತು. ನಮ್ಮ ಒತ್ತಿನವರ ಹೆಸರು ಯಾರೂ ಬರೆದಿಡಲಿಲ್ಲ.

ಪ್ಯಾಡಿನ ವಿಷಯ ಹೇಳುತ್ತೇನೆ ಎಂದಿದ್ದೆ. ಚೆನ್ನೈನ ಗಾಳಿಯಲ್ಲಿ ತೇವ ಹೆಚ್ಚು. ಬಾಯಿಯ ತೇವವೂ ಸೇರಿ ಚರ್ಮದ ಪ್ಯಾಡ್ ರಂಧ್ರದ ಅಂಚಿಗೆ ಅಂಟಿಕೊಳ್ಳುತ್ತದೆ. ಹಳೆಯ ಪ್ಯಾಡ್ ಗಟ್ಟಿಯಾದರೆ ಸಂದಿನಲ್ಲಿ ಗಾಳಿ ಸೋರುತ್ತದೆ. ಗಟ್ಟಿಯಾಗಿ, ವೇಗವಾಗಿ ನುಡಿಸುವಾಗ ಈ ಸೋರಿಕೆ ಮುಚ್ಚಿಹೋಗುತ್ತದೆ. ಮಂದ್ರದ ಸ್ವರವನ್ನು ಮೆಲ್ಲಗೆ ನುಡಿಸಿದಾಗ ಮಾತ್ರ ಬಯಲಾಗುತ್ತದೆ, ಸ್ವರ ಮೂಡುವುದೇ ಇಲ್ಲ. ಪಲ್ಲಾವರಂನಲ್ಲಿ ಶುಕ್ರವಾರದ ಸಂತೆ ಇದೆ. ಹಳೆಯ ಸಾಮಾನುಗಳಿಗೆ ಅದು ಹೆಸರುವಾಸಿ. ಅಂಥ ಕಡೆ ಹಳೆಯ ಸ್ಯಾಕ್ಸೋಫೋನ್ ಕಣ್ಣಿಗೆ ಬಿದ್ದರೆ ಹೊಳಪು ನೋಡಿ ಮರುಳಾಗಬೇಡಿ. ಅತಿ ಕೆಳಗಿನ ಸ್ವರವನ್ನು ಅತಿ ಮೆಲ್ಲಗೆ ನುಡಿಸಿ ನೋಡಿ. ನುಡಿದರೆ ವಾದ್ಯ ಸರಿಯಿದೆ.

ನಡೆ, ಮಿತಿ, ನಾದ, ಈ ಮೂರನ್ನು ಕೇಳಿದಿರಿ. ಇನ್ನು ಈ ದಾರಿಯಲ್ಲಿ ನಡೆದವರು. ಹೆಚ್ಚು ಹೊತ್ತು ನಾನು ನಿಲ್ಲಬೇಕೆಂದಿರುವುದು ಇಲ್ಲಿಯೇ.

ಕದ್ರಿ ಗೋಪಾಲನಾಥರ ಹೆಸರು ಕೇಳದ ಕನ್ನಡಿಗರಿಲ್ಲ. ಅವರು ಹುಟ್ಟಿದ್ದು 1949ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ. ತಂದೆ ತನಿಯಪ್ಪ ನಾಗಸ್ವರ ವಾದಕರು. ಮಗನ ಮೊದಲ ವಿದ್ಯೆಯೂ ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಹುಡುಗ ಅದಕ್ಕೆ ಮನಸೋತ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠವಾಯಿತು. ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ.

ಅವರ ಕಷ್ಟ ಏನಿತ್ತು ಎಂದು ಯೋಚಿಸಿ. ನಾಗಸ್ವರದಲ್ಲಿ ರಂಧ್ರದ ಮೇಲೆ ನೇರವಾಗಿ ಬೆರಳಿದೆ. ಬೆರಳನ್ನು ಅರ್ಧ ಸರಿಸಿದರೆ ಸ್ವರ ಜಾರುತ್ತದೆ, ಗಮಕ ಹುಟ್ಟುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ ಇದೆ, ಮುಚ್ಚಳ ಇದೆ, ಪ್ಯಾಡ್ ಇದೆ. ಮುಚ್ಚಳ ಒಂದೋ ಮುಚ್ಚಿರುತ್ತದೆ, ಇಲ್ಲವೇ ತೆರೆದಿರುತ್ತದೆ. ತೋಡಿಯ ಗಾಂಧಾರವನ್ನು ಅದರಿಂದ ಹೇಗೆ ಹೊರಡಿಸುವುದು? ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಬದಲಾವಣೆಗಳನ್ನು ಮಾಡಿಕೊಂಡರು. ಉಳಿದದ್ದನ್ನು ತುಟಿಯಿಂದ, ಗಂಟಲಿನಿಂದ, ಉಸಿರಿನಿಂದ ಸಾಧಿಸಿದರು. ಇದಕ್ಕೆ ಅವರಿಗೆ ಸುಮಾರು 20 ವರ್ಷ ಹಿಡಿಯಿತು ಎನ್ನುತ್ತಾರೆ. ಒಂದು ವಿದ್ಯೆಯಲ್ಲಿ ನುರಿತವರು ಅದನ್ನು ಇನ್ನೊಂದು ಶರೀರಕ್ಕೆ ಸಾಗಿಸಲು ಕೊಟ್ಟ ಬೆಲೆ ಅದು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವಕ್ಕೆ ಅವರು ಹೋದರು. ಅಲ್ಲಿ ಅವರ ಕಛೇರಿ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಏರಿದರು. ಈ ಜಾನ್ ಹ್ಯಾಂಡಿ ಯಾರು ಎಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅವರು ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ 1959ರ ಹೊತ್ತಿಗೆ ಆಲ್ಟೊ ಸ್ಯಾಕ್ಸೋಫೋನ್ ನುಡಿಸಿದವರು. ಕಠಿಣವಾದ ಜಾಝ್ ಶಾಲೆ ಅದು. ಅದೇ ಹ್ಯಾಂಡಿ 1970ರ ದಶಕದ ನಡುವಿನಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸರೋದಿನ ಜೊತೆ ಧ್ವನಿಮುದ್ರಿಕೆ ಮಾಡಿದರು. 1976ರಲ್ಲಿ ‘ಹಾರ್ಡ್ ವರ್ಕ್’ ಎಂಬ, ಜನ ಕುಣಿಯುವಂಥ ಸರಳ ಲಯದ ಹಾಡನ್ನು ನುಡಿಸಿ ದೊಡ್ಡ ಜನಪ್ರಿಯತೆ ಪಡೆದರು. ಆ ದಿನ ಮುಂಬಯಿಯ ವೇದಿಕೆಯಲ್ಲಿ ನಿಂತ ಇಬ್ಬರೂ ತಾವು ಕಲಿತ ಮೊದಲ ಪಾಠದ ಆಚೆಗೆ ಬಂದು ಎರಡನೆಯದನ್ನು ಕಲಿತವರು. ಅದಕ್ಕೇ ಅವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯಿತು ಎಂದು ನಾನು ನಂಬಿದ್ದೇನೆ.

ಗೋಪಾಲನಾಥರು 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿ.ಬಿ.ಸಿ. ಸಂಗೀತೋತ್ಸವದಲ್ಲಿ ನುಡಿಸಿದರು. ಕರ್ನಾಟಕ ಸಂಗೀತದವರಲ್ಲಿ ಅಲ್ಲಿಗೆ ಹೋದ ಮೊದಲಿಗರು ಅವರೇ. ಅದೇ ವರ್ಷ ಚೆನ್ನೈನಲ್ಲಿ ಇನ್ನೊಂದು ಕೆಲಸ ನಡೆಯಿತು. ಕೆ. ಬಾಲಚಂದರ್ ಅವರ ‘ಡ್ಯೂಯೆಟ್’ ಎಂಬ ತಮಿಳು ಚಿತ್ರ ಬಂತು. ಸಂಗೀತ ಎ.ಆರ್. ರೆಹಮಾನ್ ಅವರದು. ಕಥಾನಾಯಕ ಸ್ಯಾಕ್ಸೋಫೋನ್ ವಾದಕ. ಅವನ ವಾದನಕ್ಕೆ ಉಸಿರು ಕೊಟ್ಟವರು ಗೋಪಾಲನಾಥರು. ನಿರ್ದೇಶಕರಿಗಾಗಿ ಅವರು ಒಂದಾದ ಮೇಲೊಂದು ರಾಗ ನುಡಿಸುತ್ತ ಹೋದರು, ಕೊನೆಗೆ ಕಲ್ಯಾಣವಸಂತ ನುಡಿಸಿದಾಗ ಬಾಲಚಂದರ್ ಒಪ್ಪಿದರು ಎಂಬ ಮಾತಿದೆ. ಆ ಧ್ವನಿಮುದ್ರಿಕೆ ಸಿಕ್ಕರೆ ಕೇಳಿ. ಮೂರು ಗಂಟೆ ಕಛೇರಿ ನಡೆಸಬಲ್ಲ, ಮೂರು ಕಾಲಗಳಲ್ಲಿ ಸ್ವರ ಹಾಕಬಲ್ಲ ವಿದ್ವಾಂಸರು ಅಲ್ಲಿ ಕೆಲವೇ ಸಾಲು ನುಡಿಸುತ್ತಾರೆ. ಒಂದು ಸಾಲೂ ತಮ್ಮ ಪಾಂಡಿತ್ಯ ತೋರಿಸಲು ಬಂದದ್ದಲ್ಲ. ಸ್ಮೂತ್ ಜಾಝ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿದ್ದರೆ ಅದನ್ನೇ ಹೇಳುತ್ತಿದ್ದೆ.

ಚೆನ್ನೈನ ಸಿನಿಮಾ ಸ್ಟುಡಿಯೋಗಳು ಈ ಸಂಯಮವನ್ನು ಅದಕ್ಕೂ ಮೊದಲೇ ಕಲಿಸುತ್ತಿದ್ದವು. ಕನ್ನಡ ಚಿತ್ರಗಳ ಸಂಗೀತವೂ ದಶಕಗಳ ಕಾಲ ಈ ನಗರದಲ್ಲೇ ಮುದ್ರಣವಾದದ್ದು. ಜಿ.ಕೆ. ವೆಂಕಟೇಶ್ ಅವರು 1968ರ ‘ಜೇಡರ ಬಲೆ’ಗೆ ಕೊಟ್ಟ ಸಂಗೀತದಲ್ಲಿ ಜಾಝ್‌ನ ಛಾಯೆ ಧಾರಾಳವಾಗಿದೆ. ಆ ವಾದ್ಯಗೋಷ್ಠಿಗಳಲ್ಲಿ ಕೂತ ಗಾಳಿವಾದ್ಯದವರಿಗೆ ಸಿಗುತ್ತಿದ್ದ ಅವಕಾಶ ಎರಡು ಚರಣಗಳ ನಡುವಿನ ಕೆಲವು ಆವರ್ತ ಮಾತ್ರ. ಅಷ್ಟರಲ್ಲಿ ಹಾಡಿನ ಭಾವ ಕೆಡದಂತೆ ಹೇಳಿ ಮುಗಿಸಬೇಕಿತ್ತು. ಅವರ ಹೆಸರುಗಳು ಚಿತ್ರದ ಪಟ್ಟಿಯಲ್ಲೂ ಬರುತ್ತಿರಲಿಲ್ಲ. ನನಗೆ ಅದು ಬಹಳ ಬೇಸರದ ಸಂಗತಿ.

ಗೋಪಾಲನಾಥರು ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಬಂದ ಕಥೆ ಕೇಳಿದಿರಿ. ಇದರ ಎದುರು ದಿಕ್ಕಿನಿಂದ ನಡೆದು ಬಂದವರೂ ಇದ್ದಾರೆ.

ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ತಂದೆತಾಯಿ ಕರ್ನಾಟಕ ಮೂಲದವರು. ತಂದೆ ಭೌತವಿಜ್ಞಾನದ ಪ್ರಾಧ್ಯಾಪಕರು. ಹುಡುಗ ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಅವರು ಎಳವೆಯಲ್ಲಿ ಕೇಳಿದ್ದು ಗ್ರೋವರ್ ವಾಷಿಂಗ್ಟನ್ ಅವರನ್ನು, ಡೇವಿಡ್ ಸ್ಯಾನ್‌ಬೋರ್ನ್ ಅವರನ್ನು. ಎಂದರೆ ನಾವು ಇಷ್ಟು ಹೊತ್ತು ಮಾತಾಡಿದ ಆ ಮೆದು ಹಾದಿಯ ಹಿರಿಯರನ್ನು. ಚಾರ್ಲಿ ಪಾರ್ಕರ್ ಸಂಗೀತ ರುದ್ರೇಶ್ ಅವರ ಬದುಕಿಗೆ ಬಂದದ್ದು ಆಮೇಲೆ, ಶಿಕ್ಷಕರೊಬ್ಬರ ಮೂಲಕ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ಒಂದು ಧ್ವನಿಮುದ್ರಿಕೆಯನ್ನು ತಮಾಷೆಗೆಂದು ತಂದುಕೊಟ್ಟರು. ಅದು ಕದ್ರಿ ಗೋಪಾಲನಾಥರದು. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ರುದ್ರೇಶ್ ಅವರು ಗೋಪಾಲನಾಥರ ಜೊತೆಗೂಡಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ತಂದರು. ವರ್ಷ 2008. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ ಇದ್ದರು. ಎರಡು ಆಲ್ಟೊ ಸ್ಯಾಕ್ಸೋಫೋನ್‌ಗಳು ಅಕ್ಕಪಕ್ಕ. ಒಂದು ಬಂಟ್ವಾಳದಿಂದ ಹೊರಟದ್ದು, ಇನ್ನೊಂದು ಕೊಲರಾಡೊದಿಂದ. ಗೋಪಾಲನಾಥರ ಒಂದು ಸ್ವರ ಬಾಗುತ್ತ ಇನ್ನೊಂದನ್ನು ಸೇರುತ್ತದೆ. ರುದ್ರೇಶ್ ಅವರ ಸ್ವರಗಳು ಬಿಡಿಬಿಡಿಯಾಗಿ ಧುಮುಕುತ್ತವೆ. ಒಬ್ಬರು ಇನ್ನೊಬ್ಬರಂತೆ ನುಡಿಸಲು ಹೋಗುವುದಿಲ್ಲ. ಆದರೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದು ನಮಗೆ ಕೇಳಿಸುತ್ತದೆ.

ಇನ್ನೊಬ್ಬರ ಹೆಸರು ಹೇಳಲೇಬೇಕು. ಚಾರ್ಲಿ ಮರಿಯಾನೊ. ಬಾಸ್ಟನ್ನಿನವರು. ಜಾನ್ ಹ್ಯಾಂಡಿಯವರಂತೆ ಇವರೂ ಮಿಂಗಸ್ ತಂಡದಲ್ಲಿ ಆಲ್ಟೊ ನುಡಿಸಿದವರು. ಬರ್ಕ್ಲಿಯಲ್ಲಿ ಪಾಠ ಹೇಳಿದವರು. ಇಷ್ಟೆಲ್ಲ ಆದ ಮೇಲೆ, ನಡುವಯಸ್ಸು ದಾಟುತ್ತಿದ್ದಾಗ, ಅವರು ಮಲೇಷ್ಯಾದಲ್ಲಿ ನಾಗಸ್ವರ ಕೇಳಿ ಅದನ್ನು ಆರಂಭದ ಪಾಠದಿಂದ ಕಲಿಯತೊಡಗಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಅವರ ಕರ್ನಾಟಕ ತಾಳವಾದ್ಯ ಕಾಲೇಜಿನೊಂದಿಗೆ, ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ಅವರದು ದೀರ್ಘ ಸ್ನೇಹ. 1983ರಲ್ಲಿ ಇವರೆಲ್ಲ ಸೇರಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಆಗ ಮರಿಯಾನೊ ಅವರಿಗೆ 60ರ ಹತ್ತಿರ. ಅಲ್ಲಿ ಅವರು ರಮಾಮಣಿಯವರ ದನಿಯ ಪಕ್ಕದಲ್ಲಿ ನಿಂತು ನುಡಿಸುತ್ತಾರೆ. ಅದು ಸ್ಮೂತ್ ಜಾಝ್ ಅಲ್ಲ, ನಿಜ. ಆದರೆ ಒಂದು ಶಾಸ್ತ್ರದಲ್ಲಿ ಗುರುವಾದವರು ಇನ್ನೊಂದರಲ್ಲಿ ಶಿಷ್ಯರಾಗಲು ಒಪ್ಪುವುದು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಆ ವಾದನ ಕೇಳಬೇಕು.

ಈಗ ಒಂದು ಆಕ್ಷೇಪಕ್ಕೆ ಬರುತ್ತೇನೆ. ಇದು ನೇರವಾಗಿ ಹೇಳಬೇಕಾದ ಮಾತು.

ಜಾಝ್ ಲೋಕದಲ್ಲಿ ಸ್ಮೂತ್ ಜಾಝ್ ಬಗ್ಗೆ ತಾತ್ಸಾರವಿದೆ. ಕೆನ್ನಿ ಜಿ ಅವರು 1999ರಲ್ಲಿ ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಳೆಯ ಹಾಡೊಂದರ ಮೇಲೆ ತಮ್ಮ ಸ್ಯಾಕ್ಸೋಫೋನ್ ಸೇರಿಸಿ ಮುದ್ರಿಸಿದರು. ಆರ್ಮ್‌ಸ್ಟ್ರಾಂಗ್ ತೀರಿಕೊಂಡು ಸುಮಾರು 30 ವರ್ಷವಾಗಿತ್ತು. ಗಿಟಾರ್ ವಾದಕ ಪ್ಯಾಟ್ ಮೆಥೀನಿ ಅದನ್ನು ಬಹಳ ಕಟುವಾಗಿ ಖಂಡಿಸಿದರು. ಆ ವಿಷಯದಲ್ಲಿ ನಾನು ಮೆಥೀನಿಯವರ ಪರ. ಉತ್ತರಿಸಲು ಇಲ್ಲದವರ ದನಿಯ ಮೇಲೆ ನಮ್ಮ ದನಿ ಹಾಕುವುದು ಸರಿಯಲ್ಲ. ಆದರೆ ಆ ಒಂದು ಕೆಲಸವನ್ನು ಹಿಡಿದು ಇಡೀ ಶೈಲಿಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಗ್ರೋವರ್ ವಾಷಿಂಗ್ಟನ್ ಅವರ ವಾದನದಲ್ಲಿ ಬ್ಲೂಸ್ ಇದೆ, ಚರ್ಚಿನ ಹಾಡಿದೆ, ಪೂರ್ಣ ಜಾಝ್ ತಿಳಿವಳಿಕೆ ಇದೆ. ಅವರು ಅದನ್ನು ಜನರ ಕಿವಿಗೆ ತಲುಪುವಂತೆ ಹೇಳಿದರು. ನಮ್ಮಲ್ಲೂ ವಿದ್ವಾಂಸರು ಲಘು ಸಂಗೀತ ಹಾಡಿದಾಗ ಮೂಗು ಮುರಿದವರಿದ್ದರು. ಭಾವಗೀತೆ ಹಾಡಲು ಕೂತಾಗ ಶಾಸ್ತ್ರೀಯದವರಿಗೆ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಹಾಡಿ ನೋಡಿದವರು ಬಲ್ಲರು. ಪದ ಮುಂದೆ ಬರಬೇಕು, ಸಂಗತಿ ಹಿಂದೆ ಸರಿಯಬೇಕು.

ನನ್ನ ಅಸಮಾಧಾನ ಇರುವುದು ಬೇರೆ ಕಡೆ. ಇತ್ತೀಚೆಗೆ ಅನೇಕ ಎಳೆಯರು ಮೊದಲ ಪಾಠವನ್ನೇ ಬಿಟ್ಟು ಎರಡನೆಯದಕ್ಕೆ ಹಾರುತ್ತಾರೆ. ಹಿನ್ನೆಲೆ ಟ್ರ್ಯಾಕ್ ಹಾಕಿಕೊಂಡು, ಪ್ರತಿಧ್ವನಿ ಏರಿಸಿಕೊಂಡು, ನಾಲ್ಕು ಹಾಡು ನುಡಿಸಿ ಮದುವೆಯ ಆರತಕ್ಷತೆಗಳಿಗೆ ಹೊರಡುತ್ತಾರೆ. ದುಡಿಮೆಗೆ ನನ್ನ ಆಕ್ಷೇಪವಿಲ್ಲ, ಕಲಾವಿದರ ಹೊಟ್ಟೆ ತುಂಬಬೇಕು. ಆದರೆ ಅವರ ಸ್ವರಗಳು ಕಡಿಮೆ ಇರುವುದು ಆರಿಸಿದ್ದರಿಂದಲ್ಲ, ಬೇರೆ ಸ್ವರ ಗೊತ್ತಿಲ್ಲದ್ದರಿಂದ. ಟ್ರ್ಯಾಕ್ ನಿಲ್ಲಿಸಿದರೆ ಅದು ತಕ್ಷಣ ತಿಳಿಯುತ್ತದೆ. ಅಂಥ ಎಳೆಯರಿಗೆ ನನ್ನ ಕಳಕಳಿಯ ವಿನಂತಿ. ಒಂದು ಶಾಸ್ತ್ರವನ್ನು ತಳದವರೆಗೆ ಕಲಿಯಿರಿ. ಜಾಝ್ ಆಗಲಿ, ಕರ್ನಾಟಕ ಸಂಗೀತವಾಗಲಿ, ಯಾವುದಾದರೂ ಆದೀತು.

ಆಗಲೇ ಕಲಿತವರಿಗೆ ಕೇಳುವ ಒಂದು ಕ್ರಮ ಹೇಳಿ ಮುಗಿಸುತ್ತೇನೆ. ಮೊದಲು ಪಾರ್ಕರ್ ಅವರ ನಿಧಾನದ ಹಾಡುಗಳು. ಅವರು ಮೆಲ್ಲಗೂ ನುಡಿಸಬಲ್ಲವರಾಗಿದ್ದರು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದಾದ ಮೇಲೆ ಗ್ರೋವರ್ ಅವರ ‘ವೈನ್‌ಲೈಟ್’. ಬಳಿಕ ‘ಡ್ಯೂಯೆಟ್’ ಚಿತ್ರದ ಗೋಪಾಲನಾಥರು. ಒಂದೊಂದಕ್ಕೂ ಒಂದು ವಾರ ಕೊಡಿ. ಪ್ರತಿಯೊಂದರಿಂದ ಒಂದೇ ಸಾಲು ಆರಿಸಿ, ಮೊದಲು ಬಾಯಲ್ಲಿ ಹಾಡಿ, ಆಮೇಲೆ ಅದೇ ಸಾಲನ್ನು ನಿಮಿಷಕ್ಕೆ 90 ಬೀಟಿನಲ್ಲಿ ನುಡಿಸಿ, ಮುದ್ರಿಸಿಕೊಂಡು ಕೇಳಿ. ಮನೆಯಲ್ಲಿ ಸಂಗೀತ ಕಲಿಯದವರೊಬ್ಬರಿಗೂ ಅದನ್ನು ಕೇಳಿಸಿ. ಅವರು ಆ ಸಾಲನ್ನು ಗುನುಗಿದರೆ ಮುಂದಿನ ಸಾಲಿಗೆ ಹೋಗಿ.